ಸಿಂಧನೂರಿನಿಂದ ಬೆಂಗಳೂರಿಗೆ ರಾತ್ರಿ ಲೋಡು: ಚಾಲಕರ ನಿದ್ದೆಯ ಲೆಕ್ಕವನ್ನು ಯಾರು ಇಡಬೇಕು?

ಪ್ರಶ್ನೆ: ಲಾರಿ ಮಾಲೀಕ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಇಲ್ಲಿನ ಅಕ್ಕಿ ಗಿರಣಿಗಳಿಂದ ಯಶವಂತಪುರದ ಮಾರುಕಟ್ಟೆಗೆ ಅಕ್ಕಿ ಸಾಗಿಸುವ ಆರು ಲಾರಿಗಳು ನಮ್ಮಲ್ಲಿವೆ. ಹಗಲಿನಲ್ಲಿ ಬೆಂಗಳೂರಿನೊಳಗೆ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ, ಸಂಜೆ ಹೊರಟ ಲಾರಿ ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು ಹಾದು ಬೆಳಗಾಗುವುದರೊಳಗೆ ಯಾರ್ಡ್ ಸೇರಲೇಬೇಕು ಎಂಬುದು ವ್ಯಾಪಾರಿಗಳ ಒತ್ತಾಯ. ಕಳೆದ ತಿಂಗಳು ನಮ್ಮದೊಂದು ಲಾರಿ ಹಿರಿಯೂರು ದಾಟಿದ ಮೇಲೆ, ನಸುಕಿನಲ್ಲಿ, ರಸ್ತೆ ವಿಭಜಕಕ್ಕೆ ಉಜ್ಜಿಕೊಂಡು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಚಾಲಕರು ಅನುಭವಸ್ಥರು, ಕುಡಿಯುವವರೂ ಅಲ್ಲ. "ಸಾವ್ಕಾರ್ರೆ, ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ" ಎಂದರು.

ಕಣ್ಣು ಮುಚ್ಚಿದರೆ ಕೂಗುವ ಕ್ಯಾಮೆರಾ ಹಾಕಿಸಿ ಎಂದು ಒಬ್ಬರು ಹೇಳುತ್ತಾರೆ, ಇಬ್ಬರು ಚಾಲಕರನ್ನು ಕಳಿಸಿ ಎಂದು ಇನ್ನೊಬ್ಬರು. ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಹಿಂದೆ ಸಂಡೂರಿನಲ್ಲಿ ಅದಿರು ಟಿಪ್ಪರ್ ಓಡಿಸಿದವನು, ಬಳ್ಳಾರಿ

ಕ್ಯಾಮೆರಾದ ಮಾತು ಆಮೇಲೆ. ಆ ದಿನ ನಿಮ್ಮ ಚಾಲಕರು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿದ್ದರು ಎಂಬುದನ್ನು ಮೊದಲು ಕೇಳಿ. ಗಿರಣಿಯಲ್ಲಿ ಹತ್ತು ಗಂಟೆಗೇ ಟೋಕನ್ ತೆಗೆದುಕೊಂಡು, ಸರದಿ ಬರುವವರೆಗೆ ಬಿಸಿಲಿನಲ್ಲಿ ಕಾದು, ಹಮಾಲರು ತುಂಬುವ ಚೀಲಗಳನ್ನು ಎಣಿಸಿಕೊಂಡು, ಕಾಟಾ ಚೀಟಿ ಪಡೆದು, ತಾಡಪತ್ರಿ ಎಳೆದು ಹಗ್ಗ ಬಿಗಿದು, ರಾತ್ರಿ ಎಂಟಕ್ಕೆ ಸ್ಟೀರಿಂಗ್ ಹಿಡಿಯುವ ಮನುಷ್ಯ ಹಿರಿಯೂರಿಗೆ ಬರುವ ಹೊತ್ತಿಗೆ ಎದ್ದು ಇಪ್ಪತ್ತು ಗಂಟೆ ಆಗಿರುತ್ತದೆ. ನಿಮ್ಮ ಪುಸ್ತಕದಲ್ಲಿ ಮಾತ್ರ ಅವರು ಓಡಿಸಿದ್ದು ಆರೇ ತಾಸು. ಟ್ರಿಪ್ಪಿಗಿಷ್ಟು ಎಂದು ಭತ್ಯೆ ಕೊಡುವ ಪದ್ಧತಿಯಲ್ಲಿ ಈ ಕಾಯುವ ಹೊತ್ತಿಗೆ ಬೆಲೆಯೇ ಇಲ್ಲ. ಆದ್ದರಿಂದ ಕಳೆದ ಸಮಯವನ್ನು ಅವರು ರಸ್ತೆಯಲ್ಲಿ ಹಿಡಿಯಲು ನೋಡುತ್ತಾರೆ. ಲೋಡಿಂಗಿಗೆ ಬೇರೆ ಆಳನ್ನು ನಿಲ್ಲಿಸಿ, ಚಾಲಕರು ಮಧ್ಯಾಹ್ನ ಮನೆಯಲ್ಲಿ ಮಲಗಿ ಸಂಜೆ ನೇರವಾಗಿ ಕಾಟಾಕ್ಕೆ ಬರುವಂತೆ ಮಾಡಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಕೂಗುವ ಯಂತ್ರಕ್ಕೆ ಕೊಡುವ ಹಣದಲ್ಲಿ ಆ ಆಳಿನ ಹಲವು ತಿಂಗಳ ಕೂಲಿ ಬರುತ್ತದೆ.

ಉತ್ತರ: ನಿವೃತ್ತ ಆರೋಗ್ಯ ಸಿಬ್ಬಂದಿ, ಕೊಪ್ಪಳ

ಮೇಲಿನವರ ಮಾತಿಗೆ ವೈದ್ಯಕೀಯ ಆಧಾರವೂ ಇದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿಯೇ ಶೇಕಡಾ 0.03. ಅದರ ಮೇಲೆ, ಬೆಳಗಿನ ಜಾವ ಎರಡರಿಂದ ಐದರವರೆಗೆ ದೇಹ ತಾನಾಗಿಯೇ ನಿದ್ದೆಗೆ ಜಾರುವ ಹೊತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಲಾರಿ 50 ಮೀಟರ್ ತಾನೇ ಓಡಿರುತ್ತದೆ.

ಚಹಾ ಕುಡಿದ ಕೂಡಲೇ ಹೊರಡುವುದರಿಂದ ಪ್ರಯೋಜನವಿಲ್ಲ, ಅದು ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು. ಚಹಾ ಕುಡಿದು, ಅಲಾರಂ ಇಟ್ಟು, ಕ್ಯಾಬಿನ್ನಿನಲ್ಲಿ ಇಪ್ಪತ್ತು ನಿಮಿಷ ಮಲಗಿ ಹೊರಡುವುದು ಉತ್ತಮ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಹಲವು ಮಾತ್ರೆಗಳು ಮಂಪರು ತರುತ್ತವೆ. ಜೋರಾಗಿ ಗೊರಕೆ ಹೊಡೆಯುವ, ದಪ್ಪ ಕುತ್ತಿಗೆಯ ಚಾಲಕರು ಎಷ್ಟು ಮಲಗಿದರೂ ದಣಿದೇ ಇದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ತೋರಿಸುವುದು ಅಗತ್ಯ. ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆಂದು ನಮ್ಮ ಬೇಸಿಗೆಯಲ್ಲೂ ನೀರು ಕುಡಿಯದೆ ಕೂರುವವರನ್ನು, ಮುಂದೆ ಮೂತ್ರಪಿಂಡದ ಕಲ್ಲಿನೊಂದಿಗೆ ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಉತ್ತರ: ಎರಡು ಲಾರಿಗಳ ಮಾಲೀಕ, ಗಂಗಾವತಿ

ಇಬ್ಬರು ಚಾಲಕರನ್ನು ಕಳಿಸಿದರೆ ಬಾಡಿಗೆಯಲ್ಲಿ ಏನೂ ಉಳಿಯುವುದಿಲ್ಲ, ಈ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆರು ಲಾರಿ ಇರುವವರಿಗೆ ಬೇರೊಂದು ದಾರಿ ಇದೆ. ಹೋಗುವ ಲಾರಿಯೂ ಬರುವ ಲಾರಿಯೂ ಚಳ್ಳಕೆರೆಯ ಬಳಿ ಸೇರುವಂತೆ ಹೊಂದಿಸಿ, ಚಾಲಕರು ಅಲ್ಲಿ ಲಾರಿ ಬದಲಿಸಿಕೊಂಡರೆ, ಸಿಂಧನೂರಿನವರು ಬೆಳಗಾಗುವುದರೊಳಗೆ ಮನೆ ಸೇರುತ್ತಾರೆ. ತುಮಕೂರು ಕಡೆಯ ಇಬ್ಬರನ್ನು ನೇಮಿಸಿಕೊಂಡರೆ ಕೆಳಗಿನ ಅರ್ಧ ದಾರಿ ಅವರದು. ತೊಡಕು ಇರುವುದು ಚಾಲಕರ ಮನಸ್ಸಿನಲ್ಲಿ: ತನ್ನ ಕೈಯ ಗಾಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ.

ಉತ್ತರ: ಕಾರ್ಮಿಕ ವಿಷಯಗಳ ಸಲಹೆಗಾರ, ರಾಯಚೂರು

ಕಾನೂನಿನ ಮಾತೂ ಇರಲಿ. ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಾರಿಗೆ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದು ಹೇಳಿದ್ದಲ್ಲದೆ, ಕೆಲಸ ಮತ್ತು ವಿರಾಮ ಸೇರಿ ದಿನದ ಒಟ್ಟು ಅವಧಿ 12 ಗಂಟೆ ಮೀರಬಾರದೆಂದೂ ವಿಧಿಸಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿ ಉಳಿದಿದೆ. ಬೆಳಿಗ್ಗೆ ಹತ್ತಕ್ಕೆ ಗಿರಣಿಗೆ ಬಂದವರು ನಸುಕಿನಲ್ಲಿ ಸ್ಟೀರಿಂಗ್ ಹಿಡಿದಿರುವುದು ಇವುಗಳಲ್ಲಿ ಯಾವುದರ ಲೆಕ್ಕಕ್ಕೂ ಕೂರುವುದಿಲ್ಲ.

ನಿಮ್ಮ ಚಾಲಕರ ಹೆಸರನ್ನು ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಿ. ಖಾಸಗಿ ವಾಣಿಜ್ಯ ವಾಹನ ಚಾಲಕರು ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ. 2025ರಿಂದ, ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯೂ ಇದೆ. ಚಾಲಕರ ಮನೆಯವರಿಗೂ ಇದು ತಿಳಿದಿರಲಿ.

ಪ್ರಶ್ನೆ ಕೇಳಿದವರು, ಸಿಂಧನೂರು

ಎಲ್ಲರಿಗೂ ಧನ್ಯವಾದಗಳು. ಲೋಡಿಂಗಿಗೆ ಬೇರೆ ಆಳನ್ನು ಈ ವಾರವೇ ನಿಲ್ಲಿಸುತ್ತೇನೆ, ಗಿರಣಿಯವರೂ ಫೋನಿನಲ್ಲಿ ಸರದಿ ತಿಳಿಸಲು ಒಪ್ಪಿದ್ದಾರೆ. ಗಂಗಾವತಿಯವರಲ್ಲಿ ಒಂದು ಮಾತು: ಚಳ್ಳಕೆರೆಯಲ್ಲಿ ಗಾಡಿ ಬದಲಾದರೆ ಡೀಸೆಲ್ ಮತ್ತು ಟೈರಿನ ಹೊಣೆಯನ್ನು ಇಬ್ಬರ ನಡುವೆ ಹೇಗೆ ಹಂಚುವುದು? ಅಲ್ಲಿ ಟ್ಯಾಂಕ್ ತುಂಬಿಸಿಯೇ ಕೈ ಬದಲಿಸಿದರೆ ಸಾಕೇ?