ಹಳೆಯ ಕಾಫಿ ಕ್ಯೂರಿಂಗ್ ವರ್ಕ್ಸ್ ಮನೆಯಾಗಬಹುದೇ?

ಕೂಡಿಗೆ ಬಡಗಿ: ಕುಶಾಲನಗರದ ಹೊರಗೆ ಬಹಳ ವರ್ಷಗಳಿಂದ ಮುಚ್ಚಿರುವ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುತ್ತಿದ್ದ ಕಾರ್ಖಾನೆ, ಒಂದು ಮಾರಾಟಕ್ಕಿದೆ. ಇಪ್ಪತ್ತೆರಡು ಅಡಿ ಎತ್ತರ, ಮಂಗಳೂರು ಹೆಂಚು, ಮುಂದೆ ಕಾಫಿ ಹರವುತ್ತಿದ್ದ ದೊಡ್ಡ ಕಣ. ಕೆಳಗೆ ನನ್ನ ಮರಗೆಲಸ. ಒಳಗೇ ಉಕ್ಕಿನ ಕಂಬ ನಿಲ್ಲಿಸಿ ಅರ್ಧ ಅಂತಸ್ತು ಕಟ್ಟಿ ಮೇಲೆ ಸಂಸಾರ. ನ್ಯೂಯಾರ್ಕಿನ ಸೋಹೋದಲ್ಲಿ ಕಲಾವಿದ ಡೊನಾಲ್ಡ್ ಜಡ್ 1968ರಲ್ಲಿ ಐದು ಅಂತಸ್ತಿನ ಹಳೆಯ ಕಟ್ಟಡ ಕೊಂಡು ಅಲ್ಲಿಯೇ ಬದುಕಿ, ಅಲ್ಲಿಯೇ ಕೆಲಸ ಮಾಡಿದ. ಅಂಥ ಲಾಫ್ಟ್ ನಮ್ಮಲ್ಲಿ ಏಕಾಗಬಾರದು?

ಸುಂಟಿಕೊಪ್ಪ ಬೆಳೆಗಾರ: ಸೋಹೋದಲ್ಲಿ ನಮ್ಮ ಆಷಾಢದ ಮಳೆ ಇಲ್ಲ. 2018ರಲ್ಲೂ 2019ರಲ್ಲೂ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ಮರೆತಿರಾ? ಮೊದಲು ಆ ಗೋಡೆಯಲ್ಲಿ ನೀರು ನಿಂತ ಗೆರೆ ಹುಡುಕಿ.

ಮಡಿಕೇರಿ ಇಂಜಿನಿಯರ್: ಮಳೆಯ ಮಾತೆತ್ತಿ ಹೆದರಿಸಬೇಡಿ. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆ ಇಲ್ಲ. ಹೆಂಚಿನ ಕೆಳಗೆ ಹಲಗೆ ಹೊದಿಸಿ, ಸೂರಿನ ನೀರು ಹರಿಯುವ ದೋಣಿಯನ್ನು ಅಗಲ ಮಾಡಿದರೆ ಮುಗಿಯಿತು.

ಸುಂಟಿಕೊಪ್ಪ ಬೆಳೆಗಾರ: ಮಳೆ ಸುರಿಯುವುದು ಮೇಲೆ, ಹೊಳೆ ಏರುವುದು ಕೆಳಗೆ. ಇಂಜಿನಿಯರ್ ಆಗಿ ಇಷ್ಟು ತಿಳಿಯದೇ?

ಕನ್ನಡ ಕಟ್ಟೆ: ಅದಿರಲಿ, ಈ ‘ಲಾಫ್ಟ್’ ಏಕೆ? ಅಟ್ಟ ಎಂಬ ಒಳ್ಳೆಯ ಮಾತು ನಮ್ಮಲ್ಲಿದೆ.

ಮಡಿಕೇರಿ ಇಂಜಿನಿಯರ್: ಅಟ್ಟ ಎಂದರೆ ಹಳೆಯ ಪಾತ್ರೆ ತುಂಬುವ ಜಾಗ. ಇವರು ಕೇಳುತ್ತಿರುವುದು ಇಡೀ ಕಾರ್ಖಾನೆಯ ವಿಶಾಲ ಒಳಾಂಗಣವನ್ನು.

ಕನ್ನಡ ಕಟ್ಟೆ: ಬೆಂಗಳೂರಿನ ಮನೆಗಳಲ್ಲಿ ಹಳೆಯ ಪಾತ್ರೆ ತುಂಬುವ ಕಾಂಕ್ರೀಟ್ ಹಲಗೆಗೆ ‘ಲಾಫ್ಟ್’ ಎಂದೇ ಹೆಸರು! ಹಾಗಾದರೆ ಅದೂ ಕೀಳೇ? ನಮ್ಮ ಅಜ್ಜಿಯ ಮನೆಯ ಅಟ್ಟದಲ್ಲಿ ನಾಲ್ವರು ಮಲಗುತ್ತಿದ್ದೆವು.

ಮಡಿಕೇರಿ ಇಂಜಿನಿಯರ್: ಮಲಗುತ್ತಿದ್ದಿರಿ, ಬದುಕುತ್ತಿರಲಿಲ್ಲ. ಪದಕ್ಕೂ ಚರಿತ್ರೆಯಿದೆ.

ಕನ್ನಡ ಕಟ್ಟೆ: ಚರಿತ್ರೆಯನ್ನೇ ನೋಡೋಣ. ಆ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದರರ್ಥ ಗಾಳಿ, ಮೇಲಿನ ಕೋಣೆ. ಮೇಲಿನ ಕೋಣೆ ಅಟ್ಟವಲ್ಲದೆ ಇನ್ನೇನು?

ನಿವೃತ್ತ ಸರ್ವೆಯರ್: ಇಬ್ಬರೂ ನಿಲ್ಲಿಸಿ. ಕೈಗಾರಿಕೆಗೆಂದು ಪರಿವರ್ತನೆಯಾದ ಜಾಗದಲ್ಲಿ ವಾಸಕ್ಕೆ ಮತ್ತೆ ಅನುಮತಿ ಪಡೆಯಬೇಕು. ಸೋಹೋದ ಕಥೆಯನ್ನೂ ಅರ್ಧಕ್ಕೆ ನಿಲ್ಲಿಸಲಾಗಿದೆ. ಅಲ್ಲಿ ಕಲಾವಿದರು ಮೊದಲು ಕದ್ದುಮುಚ್ಚಿಯೇ ಇದ್ದರು. 1971ರಲ್ಲಿ ನಗರಾಡಳಿತ ಪ್ರಮಾಣಪತ್ರವಿದ್ದ ಕಲಾವಿದರಿಗೆ ಮಾತ್ರ ಒಪ್ಪಿಗೆ ಕೊಟ್ಟಿತು. 1982ರ ಲಾಫ್ಟ್ ಕಾನೂನು ಅಂಥ ಕಟ್ಟಡಗಳನ್ನು ವಾಸಯೋಗ್ಯ ಮಾಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು.

ಮಡಿಕೇರಿ ಇಂಜಿನಿಯರ್: ನೋಡಿ, ಕಾನೂನಿಗೇ ‘ಲಾಫ್ಟ್’ ಎಂಬ ಹೆಸರು.

ಕನ್ನಡ ಕಟ್ಟೆ: ನ್ಯೂಯಾರ್ಕಿನ ಕಾನೂನು ಕುಶಾಲನಗರದ ನಿಘಂಟೇ?

ಹಾರಂಗಿ ದಂಡೆ: ನನಗೆ ನಿಮ್ಮ ಪದಗಳ ಜಗಳ ಬೇಡ. ಅಂಥದೇ ಒಂದು ಕಟ್ಟಡದಲ್ಲಿ ನನ್ನ ಅಮ್ಮ ಹನ್ನೊಂದು ವರ್ಷ ಕುಳಿತು ಕಪ್ಪು ಬೀಜ ಆರಿಸಿದರು. ಗಾರ್ಬ್ಲಿಂಗ್ ಎನ್ನುತ್ತಿದ್ದರು. ಸಂಜೆ ಕೂದಲಲ್ಲೆಲ್ಲ ಕಾಫಿ ಹೊಟ್ಟಿನ ಧೂಳು, ರಾತ್ರಿಯಿಡೀ ಕೆಮ್ಮು. ಆ ಧೂಳು ಇಳಿದ ನೆಲದ ಮೇಲೆ ನೀವು ಮರದ ಧೂಳು ಎಬ್ಬಿಸಿ, ಅದರ ನೆತ್ತಿಯ ಮೇಲೆ ಮಕ್ಕಳನ್ನು ಮಲಗಿಸುತ್ತೀರಾ? ಬೆಂಕಿಯ ಮಾತನ್ನು ಒಬ್ಬರಾದರೂ ಎತ್ತಿದಿರಾ?

ಸುಂಟಿಕೊಪ್ಪ ಬೆಳೆಗಾರ: ಧೂಳಿನ ದೂರು ಸರಿಯಲ್ಲ ಅಕ್ಕ. ಆ ಕಾರ್ಖಾನೆಗಳು ನೂರಾರು ಮನೆಗಳಿಗೆ ಅನ್ನ ಕೊಟ್ಟವು. ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ ಹೋಗಿ 1996ರಲ್ಲಿ ಎಲ್ಲರಿಗೂ ಮುಕ್ತ ಮಾರಾಟ ಸಿಕ್ಕ ಮೇಲೆ ಲೆಕ್ಕವೇ ಬದಲಾಯಿತು.

ಹಾರಂಗಿ ದಂಡೆ: ಅನ್ನದ ಜೊತೆಗೆ ಕೆಮ್ಮನ್ನೂ ಕೊಟ್ಟವು. ನಾನು ಕೇಳಿದ್ದು ಬೆಂಕಿಯ ಬಗ್ಗೆ.

ಕೂಡಿಗೆ ಬಡಗಿ: ಅಕ್ಕ, ಯಂತ್ರಗಳ ಮೇಲೆ ಮಲಗುವ ಕೋಣೆ ಬರುವುದಿಲ್ಲ. ಕಟ್ಟಡದ ಎರಡು ತುದಿಗಳ ನಡುವೆ ಸೂರಿನವರೆಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಮನೆಗೆ ಹೊರಗಿನಿಂದ ಬೇರೆ ಮೆಟ್ಟಿಲು ಇಡುತ್ತೇನೆ. ಧೂಳು ಎಳೆಯುವ ಕೊಳವೆ ನೇರ ಹೊರಕ್ಕೆ. ಆದರೆ ಕಟ್ಟಡವನ್ನು ಕೈಬಿಡುವುದಿಲ್ಲ. ಬೀಜ ಆರಿಸಲು ಬೆಳಕಿಗೆಂದು ಇಟ್ಟ ಉತ್ತರದ ಕಿಟಕಿಗಳ ಸಾಲು ಹಾಗೆಯೇ ಉಳಿಯುತ್ತದೆ.

ಸುಂಟಿಕೊಪ್ಪ ಬೆಳೆಗಾರ: ಗೆರೆ ಹುಡುಕಿದಿರಾ?

ಕೂಡಿಗೆ ಬಡಗಿ: ಹುಡುಕಿದೆ. ಹೊಸದಾಗಿ ಸುಣ್ಣ ಬಳಿದಿದ್ದಾರೆ.

ಮಡಿಕೇರಿ ಇಂಜಿನಿಯರ್: ಸುಣ್ಣ ಬಳಿದರೆ ತಪ್ಪೇನು? ಆ ಹಳೆಯ ಗೋಡೆಗೆ ಸಿಮೆಂಟಿಗಿಂತ ಸುಣ್ಣವೇ ಮೇಲು.

ಹಾರಂಗಿ ದಂಡೆ: ಮಾರುವವರು ಈಗಲೇ ಏಕೆ ಬಳಿದರು ಎಂದು ಪಕ್ಕದ ಮನೆಯವರನ್ನು ಕೇಳಿ.