ಸಹಾಯ ಬೇಕು: ತೊಳೆದ ತಾಮ್ರದಿಂದಲೂ ಎಲೆಕ್ಟ್ರಾನ್ ಯಾಕೆ ಹೊರಡ್ತಿದೆ?

ನಿರ್ವಾತದಲ್ಲಿ ಎರಡು ತಾಮ್ರದ ಎಲೆಕ್ಟ್ರೋಡ್ ಇಟ್ಟು ಫೀಲ್ಡ್ ಎಮಿಷನ್ (ಬಲವಾದ ವಿದ್ಯುತ್ ಕ್ಷೇತ್ರ ಲೋಹದಿಂದ ಎಲೆಕ್ಟ್ರಾನ್ ಎಳೆಯೋದು) ಅಳೀತಿದ್ದೀನಿ. ನಯವಾದ ಶುದ್ಧ ಲೋಹಕ್ಕೆ ಮೀಟರಿಗೆ ಕೆಲವು ನೂರು ಕೋಟಿ ವೋಲ್ಟ್ ಬೇಕು. ನನಗೆ ಅದರ ನೂರನೇ ಒಂದು ಭಾಗಕ್ಕೇ ಕರೆಂಟ್ ಶುರು. ಅದೂ ನಿಲ್ಲಲ್ಲ, ಮೆಟ್ಟಿಲು ಹತ್ತಿದ ಹಾಗೆ ದಿಢೀರ್ ಏರುತ್ತೆ, ಇಳಿಯುತ್ತೆ.

ಅಸಿಟೋನ್‌ನಲ್ಲಿ ಅಲ್ಟ್ರಾಸಾನಿಕ್ ಕ್ಲೀನಿಂಗ್ ಆಯ್ತು. ಬೇಕಿಂಗ್ ಮಾಡಿದಾಗ (ಅಂಟಿದ ಅನಿಲ ಹೋಗಲಿ ಅಂತ ನಿರ್ವಾತದಲ್ಲೇ ಕಾಯಿಸಿದಾಗ) ಕರೆಂಟ್ ಕಮ್ಮಿಯಾಯ್ತು, ಆದ್ರೆ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮತ್ತೆ ಮೊದಲಿನಂತೆಯೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೂಪು ಮೊನೆ ಎಲ್ಲೂ ಇಲ್ಲ, ಅಲ್ಲಲ್ಲಿ ಧೂಳಿನ ಕಣ ಮಾತ್ರ.

ಫೌಲರ್–ನಾರ್ಡ್‌ಹೈಮ್ ಗ್ರಾಫ್ (ಕರೆಂಟ್–ವೋಲ್ಟೇಜ್ ಅಳತೆ ಫೀಲ್ಡ್ ಎಮಿಷನ್‌ಗೆ ಹೊಂದುತ್ತಾ ಅಂತ ನೋಡೋ ಗ್ರಾಫ್) ನೇರ ಗೆರೆಯೇ ಬರುತ್ತೆ. ಆದ್ರೆ ಅದರ ಇಳಿಜಾರಿನಲ್ಲಿ ವರ್ಕ್ ಫಂಕ್ಷನ್ (ಎಲೆಕ್ಟ್ರಾನ್ ಲೋಹ ಬಿಡೋಕೆ ಬೇಕಾದ ಶಕ್ತಿ), ಬೀಟಾ (ಮೇಲ್ಮೈಯ ಒಂದು ಜಾಗದಲ್ಲಿ ಕ್ಷೇತ್ರ ಎಷ್ಟು ಪಟ್ಟು ಹೆಚ್ಚಿದೆ ಅನ್ನೋ ಅಂಕಿ) ಎರಡೂ ಬೆರೆತಿವೆ. ವರ್ಕ್ ಫಂಕ್ಷನ್ 4.5 ಇವಿ (ಎಲೆಕ್ಟ್ರಾನ್ ವೋಲ್ಟ್) ಅಂತ ಹಿಡಿದರೆ ಬೀಟಾ ನೂರು ದಾಟುತ್ತೆ, ಆದ್ರೆ ಅಷ್ಟು ಹೆಚ್ಚಿಸೋ ಚೂಪು ಮೊನೆ ಕಾಣ್ತಿಲ್ಲ. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ.

ಎಲೆಕ್ಟ್ರಾನ್ ಶಕ್ತಿ ಅಳೆಯೋ ಉಪಕರಣ ನಮ್ಮಲ್ಲಿಲ್ಲ. ಕಾರಣ ಮೇಲ್ಮೈಗೆ ಅಂಟಿದ ಅನಿಲವೋ, ಧೂಳಿನ ಕಣವೋ ಅಂತ ಬರೀ ಕರೆಂಟ್–ವೋಲ್ಟೇಜ್ ಅಳತೆಯಿಂದ ಬೇರ್ಪಡಿಸೋದು ಹೇಗೆ?