ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿಯಾಗಲು ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ನಮ್ಮೂರ ಕೆರೆಗೆ ಕಾರ್ಖಾನೆಯ ಬಣ್ಣದ ನೀರು ಸೇರುವುದನ್ನು ನೋಡುತ್ತಲೇ ಬೆಳೆದವನಾದ್ದರಿಂದ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಹಾಯಕ ಪರಿಸರ ಅಧಿಕಾರಿಯಾಗಿ ದುಡಿಯಬೇಕೆಂಬ ಆಸೆಯಿದೆ. ಪರೀಕ್ಷೆಯ ಓದಿನ ಜೊತೆಗೆ ಇನ್ನೇನು ಕಲಿಯಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು 1974ರ ಜಲ ಕಾಯ್ದೆಯನ್ನು ಮೂಲದಲ್ಲೇ ಓದಿ, 1981ರ ವಾಯು ಕಾಯ್ದೆ ಆಮೇಲೆ ಸುಲಭವಾಗುತ್ತದೆ. ಜಲ ಕಾಯ್ದೆಯ 21ನೇ ಕಲಮಿನಂತೆ ತ್ಯಾಜ್ಯನೀರಿನ ಮಾದರಿ ತೆಗೆಯುವಾಗ ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಟ್ಟು, ಅವರೆದುರೇ ಮಾದರಿಯನ್ನು ಎರಡು ಭಾಗ ಮಾಡಿ, ಡಬ್ಬಿಗಳಿಗೆ ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ, ನೀರು ಎಷ್ಟೇ ಕಪ್ಪಾಗಿದ್ದರೂ ಪ್ರಯೋಗಾಲಯದ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ನನ್ನ ಪ್ರಕಾರ ಈ ಕೆಲಸದ ಜೀವಾಳವೇ ಇದು.

ಉತ್ತರ 2: ಬರವಣಿಗೆಯನ್ನೂ ರೂಢಿಸಿಕೊಳ್ಳಿ. ತಪಾಸಣಾ ವರದಿಯಲ್ಲಿ ‘ನೀರು ಕೆಟ್ಟಿದೆ’ ಎಂದರೆ ಸಾಲದು. ಯಾವ ಕೊಳವೆಯಿಂದ, ಎಷ್ಟು ಹೊತ್ತಿಗೆ, ಯಾವ ಬಣ್ಣದಲ್ಲಿ ಹರಿಯುತ್ತಿತ್ತು ಎಂಬುದನ್ನು ದಾಖಲಿಸಬೇಕು. ಜಲ ಕಾಯ್ದೆಯ 33ಎ ಕಲಮಿನಡಿ ಘಟಕವನ್ನು ಮುಚ್ಚಿಸಲು, ವಿದ್ಯುತ್ ಕಡಿತಗೊಳಿಸಲು ಮಂಡಳಿ ಆದೇಶಿಸುವಾಗ ಇಂಥ ವಿವರಗಳೇ ಆಧಾರವಾಗುತ್ತವೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಇಂದೇ 21ನೇ ಕಲಮಿನಿಂದ ಓದು ಆರಂಭಿಸುತ್ತೇನೆ.